ಸಹಾಯ ಬೇಕು: ಶಾಲೆ ಮಕ್ಕಳ ತಣ್ಣನೆ ನೀರಿಗೆ 6 ಹರವಿ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಮಾರ್ಚ್‌ನಲ್ಲೇ ಇಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಬಂದಿದೆ. ನಮ್ಮ ನೀರಿನ ಟ್ಯಾಂಕ್ ಕಪ್ಪು ಪ್ಲಾಸ್ಟಿಕ್‌ದು, ತಾರಸಿ ಮೇಲಿದೆ. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸ್ನಾನದ ನೀರಿನಷ್ಟು ಬಿಸಿ. ನಿನ್ನೆ ಎರಡನೇ ತರಗತಿಯ ಹುಡುಗಿಯೊಬ್ಬಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು ಉಗುಳಿಬಿಟ್ಟಳು. ಊಟ ಆದಮೇಲೂ ನೀರು ಕುಡಿಯದೆ ಸುಮ್ನೆ ಬಂದು ಕೂತಳು. ಕರುಳು ಚುರ್ ಎಂದಿತು.

ಕೂಲರ್ ಕೊಟ್ಟರೂ ಉಪಯೋಗವಿಲ್ಲ, ಹಗಲು ಕರೆಂಟ್ ಇರುವುದೇ ಕಡಿಮೆ. ನಲ್ಲಿ ಕೂರಿಸಿದ, ಸುಮಾರು 20 ಲೀಟರ್ ಹಿಡಿಯುವ ಮಣ್ಣಿನ ಹರವಿ 6 ಬೇಕು. ನಮ್ಮದು ಒಣ ಗಾಳಿ ಅಲ್ವಾ, ಹೊರಗೆ ಜಿನುಗಿದ ನೀರು ಬೇಗ ಆರಿ ಒಳಗಿನದು ತಣ್ಣಗಾಗುತ್ತದೆ. ಪೇಂಟ್ ಬಳಿದದ್ದು ದಯವಿಟ್ಟು ಬೇಡ, ಅದು ಜಿನುಗುವುದಿಲ್ಲ.

ಮಾನ್ವಿ, ಸಿಂಧನೂರು ಕಡೆ ಒಳ್ಳೆ ಕುಂಬಾರರು ಗೊತ್ತಿದ್ದರೆ ತಿಳಿಸಿ. ಒಬ್ಬೊಬ್ಬರು ಒಂದೊಂದು ಕೊಡಿಸಿದರೂ ಸಾಕು. ದುಡ್ಡು ನೇರವಾಗಿ ಕುಂಬಾರರಿಗೇ ಕೊಡಿ, ಗಾಡಿ ಬಾಡಿಗೆ ನನ್ನದು. ರಜೆ ಶುರುವಾಗುವುದು ಏಪ್ರಿಲ್‌ನಲ್ಲಿ, ಪರೀಕ್ಷೆ ಅದಕ್ಕೂ ಮೊದಲು. ಈ ವಾರವೇ ಸಿಕ್ಕರೆ ತುಂಬಾ ಉಪಕಾರ.