ಸ್ಪಿಟ್‌ಫೈರ್ ಹೊಟ್ಟೆ ಮುಚ್ಚುತ್ತಿಲ್ಲ, ಭಾನುವಾರ ಸ್ಪರ್ಧೆ, ಬೇಗ ಹೇಳಿ

ಮಂಡ್ಯ_ರಟ್ಟು:
ತಲೆ ಕೆಟ್ಟುಹೋಗಿದೆ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಮಾರ್ಕ್ 5ಬಿ, 1:33 ಅಳತೆಯ ಪೇಪರ್ ಮಾಡೆಲ್. ರೆಕ್ಕೆ ಆಯಿತು, ಬಾಲ ಆಯಿತು, ನಿನ್ನೆ ರಾತ್ರಿ ಊಟ ಮುಗಿಸಿ ಬಾಡಿ ಸುತ್ತೋಣ ಅಂತ ಕೂತೆ. ಒಳಗೆ ಆಕಾರ ಕೊಡುವ ರಟ್ಟಿನ ಫಾರ್ಮರ್‌ಗಳ ಮೇಲೆ ಹೊರಹಾಳೆ ಸುತ್ತಿದರೆ ಹೊಟ್ಟೆಯ ಕೆಳಗೆ ಎರಡು ಅಂಚು ಸೇರುವುದೇ ಇಲ್ಲ. ಎಳೆದು ಅಂಟಿಸಿದರೆ ಬರಗಾಲದ ದನದ ಪಕ್ಕೆಲುಬಿನ ಹಾಗೆ ಒಂದೊಂದೂ ಎದ್ದು ಕಾಣುತ್ತದೆ. ಎರಡು ಸಲ ಬಿಚ್ಚಿದೆ. ಇದು ಬ್ರಿಟಿಷ್ ವಾಯುಪಡೆಯ 129ನೇ ಮೈಸೂರು ಸ್ಕ್ವಾಡ್ರನ್ ವಿಮಾನ, ಮೂರು ತಿಂಗಳಿಂದ ಇದೇ ಕೆಲಸ. ಕಾಗದ, ಕಟಿಂಗ್ ಎಲ್ಲ ಸರಿಯಾಗೇ ಇದೆ. ತಪ್ಪು ಎಲ್ಲಿ?

ಗೋಂದು_ಗುರು:
ಫೆವಿಕಾಲ್ ಜಾಸ್ತಿ ಹಾಕಿದ್ದೀರಿ. ಅಷ್ಟೇ. ನೀರಿನ ಅಂಶಕ್ಕೆ ಕಾಗದ ನೆನೆಯುತ್ತದೆ, ಒಣಗುವಾಗ ಸೆಟೆದುಕೊಳ್ಳುತ್ತದೆ.

ಕುವೆಂಪುನಗರ_ಬ್ಲೇಡ್:
ಫಾರ್ಮರ್ ಯಾವುದಕ್ಕೆ ಅಂಟಿಸಿದ್ದೀರಿ ಅಂತ ಹೇಳೇ ಇಲ್ಲ. (ಮಂಡ್ಯದಲ್ಲಿ ಫಾರ್ಮರ್ ಅಂದರೆ ಬೇರೆ ಅರ್ಥ ಬರುತ್ತೆ, ಬಿಲ್ಲೆ ಅನ್ನೋಣ.)

ಮಂಡ್ಯ_ರಟ್ಟು:
ಅಕ್ಕನ ಮಗಳ ಲಗ್ನಪತ್ರಿಕೆ ಉಳಿದಿತ್ತು. ಎರಡು ಪದರ ಸೇರಿಸಿದರೆ ಸರಿಯಾಗಿ 1 ಮಿಮೀ. ಹೊರಹಾಳೆ 160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ). ಗುರುಗಳೇ, ಗೋಂದು ಹಚ್ಚುವ ಮೊದಲೇ, ಒಣ ಹಾಳೆ ಸುತ್ತಿ ನೋಡಿದಾಗಲೇ ಸೇರುತ್ತಿರಲಿಲ್ಲ.

ಗೋಂದು_ಗುರು:
ಹಾಗಾದರೆ ಹವೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ. ನಾನು ಅಕ್ಕಿ ಡಬ್ಬದೊಳಗೆ ಇಟ್ಟು ಒಣಗಿಸಿಯೇ ಕೆಲಸ ಶುರು ಮಾಡುವುದು.

ಕುವೆಂಪುನಗರ_ಬ್ಲೇಡ್:
ಹಿಗ್ಗಿದ್ದರೆ ಅಂಚು ಒಂದರ ಮೇಲೊಂದು ಬರಬೇಕಿತ್ತಲ್ಲ ಗುರು. ಇಲ್ಲಿ ಸಾಲದೆ ಬಂದಿದೆ. ಬಿಲ್ಲೆಯ ಅಂಚು ಉಜ್ಜಿದ್ದೀರಾ? ಹಾಳೆಯ ದಪ್ಪದಷ್ಟಾದರೂ ಉಜ್ಜಬೇಕು. ನಾನು ಕತ್ತರಿ ಮುಟ್ಟುವುದೇ ಇಲ್ಲ. ಧನ್ವಂತರಿ ರಸ್ತೆಯ ಮೆಡಿಕಲ್ ಸ್ಟೋರಿನಿಂದ 11 ನಂಬರ್ ಸರ್ಜಿಕಲ್ ಬ್ಲೇಡು, 3 ನಂಬರ್ ಹಿಡಿ. ಕೆಳಗೆ ಎ3 ಕಟಿಂಗ್ ಮ್ಯಾಟು, ಎರಡು ಕಡೆಯಿಂದ ಎಲ್‌ಇಡಿ ದೀಪ. ಹೋದ ವರ್ಷ ನ್ಯಾಟ್ ವಿಮಾನ ಮಾಡಿದ್ದು ಇದರಲ್ಲೇ, ಒಂದು ಬಿಳಿ ಅಂಚು ತೋರಿಸಿ ನೋಡೋಣ.

ಹಳೇ_ಹ್ಯಾಂಗರ್:
ಹೊಟ್ಟೆ ಬಿಡಿ, ನೀವು ಹಾಕಿದ ಫೋಟೋದಲ್ಲಿ ಮೇಲ್ಗಡೆ ಹಸಿರು, ಕಂದು ಇದೆಯಲ್ಲ! ಸ್ಕ್ವಾಡ್ರನ್ ಶುರುವಾಗಿದ್ದು 1941ರ ಜೂನ್‌ನಲ್ಲಿ, ಮಾರ್ಕ್ 1 ಇಟ್ಟುಕೊಂಡು. 5ಬಿ ಬಂದದ್ದು ಆಮೇಲೆ. ಅದೇ ಆಗಸ್ಟ್‌ನಲ್ಲಿ ಕಂದು ತೆಗೆದು ಬೂದು ಮಾಡಿದರು. ತೀರ್ಪುಗಾರರು ಮೊದಲು ನೋಡುವುದೇ ಇದನ್ನ.

ಕುವೆಂಪುನಗರ_ಬ್ಲೇಡ್:
ಆದೇಶ ಬಂದ ದಿನವೇ ಎಲ್ಲ ವಿಮಾನಕ್ಕೂ ಬಣ್ಣ ಬಳಿದುಬಿಟ್ಟರಾ? ಯುದ್ಧ ನಡೀತಿತ್ತು ಸ್ವಾಮಿ, ಮದುವೆ ಮನೆ ಅಲ್ಲ.

ಹಳೇ_ಹ್ಯಾಂಗರ್:
ಸ್ಕ್ವಾಡ್ರನ್ ಗುರುತಿನ ಡಿವಿ ಅಕ್ಷರ ಸರಿಯಾಗಿ ಹಾಕಿದ್ದಾರೆ, ಬಣ್ಣ ಮಾತ್ರ ಯಾಕೆ ತಪ್ಪಬೇಕು ಅಂತ ಅಷ್ಟೇ ನನ್ನ ಮಾತು. ಮೈಸೂರು ಸಂಸ್ಥಾನದ ದುಡ್ಡಿನಲ್ಲಿ ಹಾರಿದ ವಿಮಾನ. ಸ್ಕ್ವಾಡ್ರನ್ ಲಾಂಛನದಲ್ಲೂ ನಮ್ಮ ಗಂಡಭೇರುಂಡವೇ.

ಮಂಡ್ಯ_ರಟ್ಟು:
ಸರ್, ಗಂಡಭೇರುಂಡ ಸ್ಟ್ಯಾಂಡ್ ಮೇಲೆ ಅಂಟಿಸಿ ಆಗಿದೆ. ಅದರ ಮೇಲೆ ಕೂರಿಸಲು ವಿಮಾನ ಬೇಕಲ್ಲ. ಬ್ಲೇಡ್ ಅಣ್ಣ ಹೇಳಿದ ಹಾಗೆ ಉಜ್ಜಿದೆ. ಉಜ್ಜಿ ಉಜ್ಜಿ ಲಗ್ನಪತ್ರಿಕೆಯ ಗಣಪತಿ ಅರ್ಧ ಹೋದ. ಇನ್ನೂ ಬಿಗಿ.

ಗೋಂದು_ಗುರು:
ಉಜ್ಜುವ ಮೊದಲು ಒಣಗಿಸಬೇಕಿತ್ತು.

ಅಳತೆಪಟ್ಟಿ_ಮೇಡಂ:
ಸ್ವಲ್ಪ ನಿಲ್ಲಿ. ಇನ್ನು ಉಜ್ಜಬೇಡಿ. ಅಂಚು ಎಲ್ಲಿ ಎಷ್ಟು ಸಾಲದು? ಮೂರು ಕಡೆ ಅಳೆದು ಹೇಳಿ.

ಮಂಡ್ಯ_ರಟ್ಟು:
ಉಜ್ಜದೇ ಇರುವ ಬಿಲ್ಲೆಗಳ ಲೆಕ್ಕ ಮೇಡಂ: ಕಾಕ್‌ಪಿಟ್ ಹತ್ತಿರ 3 ಮಿಮೀ. ಅದರ ಹಿಂದೆ ಸುಮಾರು 2. ಬಾಲದ ಹತ್ತಿರ 1 ಕೂಡ ಇಲ್ಲ.

ಅಳತೆಪಟ್ಟಿ_ಮೇಡಂ:
ಕಾಕ್‌ಪಿಟ್ ಬಿಲ್ಲೆಗೆ ಒಂದು ದಾರ ಸುತ್ತಿ ನೋಡಿ, ಹೆಚ್ಚುಕಡಿಮೆ 100 ಮಿಮೀ ಇರಬೇಕು. ಅಲ್ಲಿ 3 ಸಾಲದು. ಬಾಲದ ಕಡೆ ಬಾಡಿ ಸಣ್ಣ, ಕೊರತೆಯೂ ಸಣ್ಣ. ಕತ್ತರಿಸುವಾಗ ತಪ್ಪಿದ್ದರೆ ಹೀಗೆ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಹೊರಹಾಳೆಯೇ ನೂರಕ್ಕೆ ಮೂರರಷ್ಟು ಚಿಕ್ಕದಾಗಿ ಪ್ರಿಂಟ್ ಆಗಿದೆ. ಬಿಲ್ಲೆ ಹಾಳೆ, ಬಣ್ಣದ ಹಾಳೆ ಎರಡನ್ನೂ ಒಂದೇ ಕಡೆ ಪ್ರಿಂಟ್ ಹಾಕಿಸಿದಿರಾ? ಪ್ರತಿ ಪುಟದ ಮೂಲೆಯಲ್ಲಿ 5 ಸೆಂಮೀ ಗೆರೆ ಇರುತ್ತದೆ, ಸ್ಟೀಲ್ ಸ್ಕೇಲ್ ಇಟ್ಟು ನೋಡಿ.

ಮಂಡ್ಯ_ರಟ್ಟು:
ಅಯ್ಯೋ. ಬಿಲ್ಲೆ ಹಾಳೆ ಕಪ್ಪು ಬಿಳುಪು ಅಂತ ಮನೆಯಲ್ಲೇ ತೆಗೆದೆ. ಬಣ್ಣದ್ದು ಜೆರಾಕ್ಸ್ ಅಂಗಡಿಯಲ್ಲಿ. ಹೇಳಬೇಕು ಅಂತ ಹೊಳೆಯಲೇ ಇಲ್ಲ. ಮನೆಯದ್ದು 50 ಮಿಮೀ ಇದೆ. ಅಂಗಡಿಯದ್ದು 48 ದಾಟಿ ಅರ್ಧಕ್ಕೆ ನಿಂತಿದೆ.

ಅಳತೆಪಟ್ಟಿ_ಮೇಡಂ:
ಫೈಲು ಲೆಟರ್ ಸೈಜಿನದು ಇರಬೇಕು, ಅಗಲ 216 ಮಿಮೀ. ನಮ್ಮ ಎ4 ಅಗಲ 210. ಅಂಗಡಿಯ ಹುಡುಗ 'ಫಿಟ್' ಒತ್ತಿರುತ್ತಾನೆ, ಪುಟ 97 ಪರ್ಸೆಂಟಿಗೆ ಇಳಿದಿದೆ. ಮನೆಯಲ್ಲಿ ನೀವು 'ಆಕ್ಚುವಲ್ ಸೈಜ್' ಕೊಟ್ಟಿದ್ದೀರಿ. ರೆಕ್ಕೆ ಎಷ್ಟು ಅಗಲ ಬಂತು? ನಿಜವಾದ ವಿಮಾನ 11.23 ಮೀಟರ್, 1:33ಕ್ಕೆ 34 ಸೆಂಮೀ ಬರಬೇಕು.

ಮಂಡ್ಯ_ರಟ್ಟು:
33. ರೆಕ್ಕೆಯ ಎಲ್ಲ ಹಾಳೆಯೂ ಅಂಗಡಿಯದ್ದೇ, ಅದಕ್ಕೇ ಅಲ್ಲಿ ಗೊತ್ತಾಗಲಿಲ್ಲ. ಈಗ ಎಲ್ಲ ಹೊಸದಾಗಿ ಮಾಡಬೇಕಾ? ಇವತ್ತು ಗುರುವಾರ.

ಅಳತೆಪಟ್ಟಿ_ಮೇಡಂ:
ಬಣ್ಣದ ಹಾಳೆ ಮುಟ್ಟಬೇಡಿ. ಬಿಲ್ಲೆ ಹಾಳೆ ಮಾತ್ರ ಮನೆಯಲ್ಲೇ 97 ಪರ್ಸೆಂಟಿಗೆ ತೆಗೆದು ಮತ್ತೆ ಕತ್ತರಿಸಿ. ಸ್ಪರ್ಧೆಯ ಚೀಟಿಯಲ್ಲಿ 1:34 ಅಂತ ಬರೆಯಿರಿ, ಲೆಕ್ಕ ಸರಿಯಾಗುತ್ತದೆ.

ಕುವೆಂಪುನಗರ_ಬ್ಲೇಡ್:
1:34 ಅಂತ ಯಾರೂ ಮಾಡಲ್ಲ ಮೇಡಂ, ನಗ್ತಾರೆ. ಸ್ಪರ್ಧೆಯ ನಿಯಮದಲ್ಲಿ ಸ್ಕೇಲ್ ಇಷ್ಟೇ ಅಂತ ಇದೆಯಾ?

ಮಂಡ್ಯ_ರಟ್ಟು:
ನಿಯಮದಲ್ಲಿ 'ಸ್ಕೇಲ್ ನಮೂದಿಸಬೇಕು' ಅಂತ ಅಷ್ಟೇ ಇದೆ. ಲಗ್ನಪತ್ರಿಕೆ ಇನ್ನೂ ಹತ್ತು ಉಳಿದಿವೆ. ಶುರು ಮಾಡುತ್ತೇನೆ.

ಮಂಡ್ಯ_ರಟ್ಟು:
ಶುಕ್ರವಾರ ರಾತ್ರಿ. ಸೇರಿತು! ಕಾಕ್‌ಪಿಟ್ ಕೆಳಗೆ ಅಂಚಿಗೆ ಅಂಚು ಕೂತಿದೆ, ಉಗುರು ಸವರಿದರೂ ತಡೆಯುವುದಿಲ್ಲ. ಮೇಡಂ, ನಿಮಗೆ ಒಂದು ಕೆಜಿ ಬೆಲ್ಲ ಬಾಕಿ.

ಗೋಂದು_ಗುರು:
ಗೋಂದು ಕಮ್ಮಿ ಹಾಕಿದ್ದೀರಿ, ಅದಕ್ಕೇ.

ಹಳೇ_ಹ್ಯಾಂಗರ್:
ಬಣ್ಣ ಕಂದೇ ಇರುವುದಾದರೆ, ಚೀಟಿಯಲ್ಲಿ 5ಬಿ ಬದಲು ಮಾರ್ಕ್ 1 ಅಂತ ಬರೆದರೆ ಜಗಳವೇ ಇಲ್ಲ ಅಲ್ವಾ?

ಮಂಡ್ಯ_ರಟ್ಟು:
ರೆಕ್ಕೆಗೆ 5ಬಿಯ ಗುರುತಾದ 20 ಮಿಮೀ ಫಿರಂಗಿ ಎರಡು ಅಂಟಿಸಿ ವಾರವಾಯಿತು ಸರ್.

ಹಳೇ_ಹ್ಯಾಂಗರ್:
ಕಿತ್ತುಹಾಕಿ.