ಸಮಸ್ಯೆ: ಒಡೆದ ಮೇಲೆಯೆ ಕೂಡಿಬಂದುದು ನೋಡು ಸಂಸಾರ

ಕುಂಬಳೆ ಮಾಷ್ಟ್ರು: ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿಂದ ಬಂದ ಸಾಲು. ಇದೇ ಕೊನೆಯ ಸಾಲಾಗುವಂತೆ ಆರು ಸಾಲಿನ ಭಾಮಿನಿ ಷಟ್ಪದಿ ಕಟ್ಟಿ, ತಾಳ ತಪ್ಪಬಾರದು. ಹಾಲು, ಕಾಯಿ, ಕಟ್ಟ, ಒಗಟು, ಏನು ಬೇಕಾದರೂ ಒಡೆಯಿರಿ.

ಬದಿಯಡ್ಕದಕ್ಕ:
ಒಡನೆ ಹುಟ್ಟಿದ ಇಬ್ಬರಿದ್ದರು
ಅಡುಗೆಯೊಲೆಗೇ ಜಗಳವಾಡುತ
ನಡುವೆ ಗೋಡೆಯನೆಬ್ಬಿಸಿದ ದಿನದಿಂದ ನಗುಮಾತು
ಕೊಡುವರಾಚೆಗೆ ಗಟ್ಟಿ ಮಜ್ಜಿಗೆ
ಪಡೆವರೀಚೆಗೆ ಹಲಸ ಹಪ್ಪಳ
ಒಡೆದ ಮೇಲೆಯೆ ಕೂಡಿಬಂದುದು ನೋಡು ಸಂಸಾರ

ನೀರ್ಚಾಲಿನವ: ಚೆಂದ ಅಕ್ಕ.

ಪೆರ್ಲದ ಭಾವ:
ಕಡವ ಮುಚ್ಚಿಟ್ಟೊಬ್ಬ ಗಂಡನು
ಮಡದಿಯಿದಿರಲಿ ಬೆಮರ್ದು ನಿಂತನು
ಬಿಡದೆ ಕೇಳಲು ಗುಟ್ಟು ಬಾಯಿಗೆ ಬಂದುಬಿಟ್ಟಿತ್ತು
ಸುಡಲಿ ಸಾಲವು ತೀರಿಸೋಣೆಂ
ದೊಡನೆ ಗಂಟನು ಬಿಚ್ಚಿ ಕೊಟ್ಟಳು
ಒಡೆದ ಮೇಲೆಯೆ ಕೂಡಿಬಂದುದು ನೋಡು ಸಂಸಾರ

ಕುಂಬಳೆ ಮಾಷ್ಟ್ರು: ಎರಡನೇ ಸಾಲು ಎಡವಿತು. ‘ಬೆಮರ್ದು’ ಮೂರು ಮಾತ್ರೆಗೆ ನಿಲ್ಲುತ್ತದಾ ಭಾವ?

ಪೆರ್ಲದ ಭಾವ: ಶಿಥಿಲದ್ವಿತ್ವ ಮಾಷ್ಟ್ರೇ, ಒತ್ತಕ್ಷರದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ. ಅಲ್ಲಿ ಒತ್ತಬೇಡಿ, ತೇಲಿಸಿ ಓದಿ.

ಕುಂಬಳೆ ಮಾಷ್ಟ್ರು: ಅವನು ಒಪ್ಪಿದ್ದು ಹಳಗನ್ನಡಕ್ಕೆ. ನಿಮ್ಮ ಹೆಂಡತಿ ಪಾತ್ರ ‘ತೀರಿಸೋಣ’ ಅನ್ನುತ್ತಾಳೆ, ಗಂಡ ಮಾತ್ರ ಪಂಪನ ಕಾಲದಲ್ಲಿ ಬೆವರುತ್ತಾನೆ. ‘ಬೆವರಿ’ ಅಂದಿದ್ದರೆ ಮುಗಿಯುತ್ತಿತ್ತು, ಅಲ್ವಾ?

ಪೆರ್ಲದ ಭಾವ: ‘ಬೆವರಿ’ ನನಗೂ ಹೊಳೆದಿತ್ತು. ಸಪ್ಪೆ. ಸಾಲಗಾರನ ಬೆವರು ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಹೋದ ಸಲ ನೀವು ‘ಪೊಸತು’ ಹಾಕಿದಾಗ ನಾನು ಸುಮ್ನೆ ಇದ್ದೆ, ನೆನಪಿರಲಿ.

ಕುಂಬಳೆ ಮಾಷ್ಟ್ರು: ಸುಮ್ಮನಿದ್ದದ್ದು ಅದರಲ್ಲಿ ತಪ್ಪು ಸಿಗದ ಕಾರಣ.

ಬದಿಯಡ್ಕದಕ್ಕ: ಜೋರಾಗಿ ಓದಿ ನೋಡಿದೆ. ಅಲ್ಲಿ ನಾಲಿಗೆ ತಡವರಿಸುತ್ತದೆ ಭಾವ. ಗಂಟು ಬಿಚ್ಚಿ ಕೊಟ್ಟದ್ದು ಮಾತ್ರ ತುಂಬಾ ಇಷ್ಟವಾಯಿತು.

ಮಂಜೇಶ್ವರದವ: ಗಡಿಯನ್ನು ಯಾರೂ ಮುಟ್ಟಲಿಲ್ಲ ಯಾಕೆ? ಪ್ರಾಸವೂ ಸರಿ ಹೋಗುತ್ತದೆ.

ನೀರ್ಚಾಲಿನವ: ಪ್ರಾಸ ಸರಿ, ಅರ್ಥ ಎಲ್ಲಿ? 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ನಮ್ಮ ಕಾಸರಗೋಡನ್ನು ಒಡೆದು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು. ಕೂಡಿಬಂತಾ? ಅದನ್ನು ತಂದು ‘ಕೂಡಿಬಂದುದು’ ಪಕ್ಕ ಕೂರಿಸಲು ನನಗೆ ಮನಸ್ಸಿಲ್ಲ. ನಮ್ಮ ಮನೆ ಹಿರಿಯರು ಅದಕ್ಕಾಗಿ ಬೀದಿಗಿಳಿದವರು.

ಮಂಜೇಶ್ವರದವ: ಒಪ್ಪಿದೆ ಅಣ್ಣ. ಹಾಗಾದರೆ ಇದು:
ಬಡವಿ ಹೇಂಟೆಯು ಮೂಲೆಬುಟ್ಟಿಯೊ
ಳಡಗಿ ಕೂತಿತು ಕಾವು ಕೊಡುತಲಿ
ತಡೆದು ಹಸಿವನು ಮೂರು ವಾರವು ಕಾದು ಕುಳಿತಿತ್ತು
ಗುಡುಗಿನೆಡೆಯಲಿ ಚಿಪ್ಪು ಬಿರಿಯಿತು
ನಡುಗಿ ಹೊರಟವು ಹತ್ತು ಮರಿಗಳು
ಒಡೆದ ಮೇಲೆಯೆ ಕೂಡಿಬಂದುದು ನೋಡು ಸಂಸಾರ

ಕುಂಬಳೆ ಮಾಷ್ಟ್ರು: ಭೇಷ್.

ಪೆರ್ಲದ ಭಾವ: ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ನಮ್ಮಜ್ಜಿ ಬುಟ್ಟಿಯಲ್ಲಿ ಕಬ್ಬಿಣದ ತುಂಡು ಇಡುತ್ತಿದ್ದರು. ಹತ್ತಕ್ಕೆ ಹತ್ತೂ ಹೊರಟವಾ?

ಮಂಜೇಶ್ವರದವ: ನಮ್ಮ ಬುಟ್ಟಿಯಲ್ಲೂ ಕಬ್ಬಿಣ ಇತ್ತು ಭಾವ. ಸಾಲಿನಲ್ಲಿ ಜಾಗ ಸಾಲಲಿಲ್ಲ.

ಕುಂಬಳೆ ಮಾಷ್ಟ್ರು: ಈ ಸಲದ ಗೆಲುವು ಅಕ್ಕನಿಗೆ. ‘ಎಬ್ಬಿಸಿದ ದಿನದಿಂದ’ ಅಂತ ಓಡಿದ್ದು ನೋಡಿ, ಒಂದು ಕಡೆಯೂ ತಡೆಯಿಲ್ಲ. ಮುಂದಿನ ಸಾಲು ಅವರೇ ಕೊಡಲಿ.

ಪೆರ್ಲದ ಭಾವ: ತೀರ್ಪು ಸರಿ. ‘ಬೆಮರ್ದು’ ಮಾತ್ರ ತೆಗೆಯುವುದಿಲ್ಲ.

ಬದಿಯಡ್ಕದಕ್ಕ: ತಗೊಳ್ಳಿ: *ಮುರಿದ ಕೊಡೆಯಡಿ ನಿಂತು ನೆನೆಯದೆ ಹೋಯ್ತು ಮಳೆಗಾಲ.* ಭಾವ, ಹಳಗನ್ನಡ ತರುವುದಾದರೆ ಆರೂ ಸಾಲಿಗೆ ತನ್ನಿ.