ಸೇನೆಯ ‘ಕಮಿಷನ್’ಗೆ ‘ಸನ್ನದು’ ಹೊಂದುತ್ತದೆಯೆ?

ಎಲ್ಲರಿಗೂ ನಮಸ್ಕಾರ.

ಮಾರ್ಕ್ ಕಬ್ಬನ್ನರ ಸೇವಾವಿವರವನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಒಂದೇ ಬೇರಿನ ಪದ ಅವರ ಬದುಕಿನುದ್ದಕ್ಕೂ ಬೇರೆಬೇರೆ ವೇಷದಲ್ಲಿ ಎದುರಾಗುತ್ತಿದೆ. 1800ರಲ್ಲಿ ಕೆಡೆಟ್ ಆಗಿ ಮದರಾಸಿಗೆ ಬಂದವರು ‘ಕಮಿಷನ್’ (ಸೇನಾಧಿಕಾರಿಯ ಅಧಿಕಾರ ವಹಿಸಿಕೊಡುವ ಪತ್ರ) ಪಡೆದು ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಅಧಿಕಾರಿಯಾದರು. ಆಮೇಲೆ ‘ಕಮಿಸರಿಯಟ್’ನಲ್ಲಿ ಬಹುಕಾಲ ದುಡಿದರು. ಮೈಸೂರು ರಾಜ್ಯದ ನಗರ ಸೀಮೆಯಲ್ಲಿ (ಇಂದಿನ ಶಿವಮೊಗ್ಗದ ಕಡೆ) ಎದ್ದ ದಂಗೆಯ ಕಾರಣ ಹುಡುಕಲು ನೇಮಿಸಿದ ‘ಕಮಿಟಿ’ಯಲ್ಲಿದ್ದರು, ಅದು ವರದಿ ಕೊಟ್ಟದ್ದು 1833ರಲ್ಲಿ. 1834ರಿಂದ 1861ರವರೆಗೆ ಮೈಸೂರಿನ ‘ಕಮಿಷನರ್’. ನಾಲ್ಕಕ್ಕೂ ಮೂಲ ಲ್ಯಾಟಿನ್ನಿನ ಒಂದೇ ಧಾತು: ನಂಬಿ ವಹಿಸಿಕೊಡು ಎಂದರ್ಥ.

ಕೊನೆಯದು ಸಲೀಸು. ಕಮಿಷನರ್ ಆಳ್ವಿಕೆ ಎಂದೇ ಇತಿಹಾಸದಲ್ಲಿ ನಿಂತಿದೆ, ಆಯುಕ್ತ ಎಂದರೂ ನಡೆಯುತ್ತದೆ. ಕಮಿಸರಿಯಟ್ಟನ್ನು ದಂಡಿಗೆ ದವಸ, ಮೇವು, ಎತ್ತು ಒದಗಿಸುವ ಇಲಾಖೆ ಎಂದು ಬಿಡಿಸಿ ಬರೆದೆ. ನಮ್ಮ ಅಮೃತಮಹಲ್ ಎತ್ತುಗಳು ಮದರಾಸು ಸೈನ್ಯದ ತೋಪು ಎಳೆದದ್ದು ಇದೇ ಇಲಾಖೆಯ ಕೈಕೆಳಗೆ.

ತೊಡಕಿರುವುದು ಮೊದಲನೆಯದರಲ್ಲಿ. ‘ಕಮಿಷನ್ ಪಡೆದರು’ ಎಂದರೆ ಇಂದಿನ ಓದುಗರಿಗೆ ದಲ್ಲಾಳಿಯ ಹಣವೇ ಕಾಣುತ್ತದೆ. ಇದು ಬರೀ ಮುಜುಗರದ ಮಾತಲ್ಲ, ತಪ್ಪು ಇತಿಹಾಸಕ್ಕೂ ದಾರಿ. ಬ್ರಿಟನ್ ದೊರೆಯ ಸೈನ್ಯದ ಕಾಲಾಳು, ಕುದುರೆ ದಳಗಳಲ್ಲಿ 1871ರವರೆಗೆ ಈ ಹುದ್ದೆಗಳನ್ನು ಹಣ ಕೊಟ್ಟೇ ಕೊಳ್ಳುತ್ತಿದ್ದರು. ಕಂಪನಿ ಸೈನ್ಯದಲ್ಲಿ ಆ ಪದ್ಧತಿ ಇರಲಿಲ್ಲ. ನಿರ್ದೇಶಕರ ಶಿಫಾರಸಿನಿಂದ ಒಳಗೆ ಬಂದವರು ಸೇವಾಹಿರಿತನದ ಮೇಲೆ ಒಂದೊಂದೇ ಮೆಟ್ಟಿಲು ಹತ್ತಬೇಕಿತ್ತು. ಕಬ್ಬನ್ ಕಂಪನಿಯವರು. ಅವರ ಮೇಲೆ ಹಣದ ನೆರಳು ಬೀಳುವಂಥ ವಾಕ್ಯ ನನ್ನಿಂದ ಹೊರಡಬಾರದು.

ಶಾಸನಗಳ ‘ನಿಯೋಗ’ ಅರ್ಥಕ್ಕೆ ಚೆನ್ನಾಗಿ ಕೂರುತ್ತದೆ. ‘ಬಾಹತ್ತರ ನಿಯೋಗಾಧಿಪತಿ’ (ಎಪ್ಪತ್ತೆರಡು ನಿಯೋಗಗಳ ಒಡೆಯ) ಎಂಬ ಬಿರುದಿನಲ್ಲಿರುವ ನಿಯೋಗ ವಹಿಸಿಕೊಟ್ಟ ಅಧಿಕಾರವೇ. ಆದರೆ ಈಗ ನಿಯೋಗ ಎಂದರೆ ಮನವಿ ಹಿಡಿದು ಮಂತ್ರಿಗಳ ಬಳಿ ಹೋಗುವ ಗುಂಪು. ಹಿಂದಿನ ಅರ್ಥಕ್ಕೆ ಎಳೆದು ತರುವುದು ಕಷ್ಟ. ‘ನೇಮಕಪತ್ರ’ ಗುಮಾಸ್ತರಿಗೂ ಸಿಗುತ್ತದೆ, ಅದರಲ್ಲಿ ಆ ತೂಕವಿಲ್ಲ.

ಹಾಗಾಗಿ ನನ್ನ ಮನಸ್ಸು ‘ಸನ್ನದು’ ಕಡೆಗೆ ವಾಲಿದೆ. ಅರಬ್ಬಿಯ ಸನದ್ ಪಾರಸಿ ದಫ್ತರಗಳ ಮೂಲಕ ನಮ್ಮ ಕಚೇರಿಗೆ ಬಂದ ಪದ. ವಕೀಲರು ಇಂದಿಗೂ ಸನ್ನದು ಪಡೆಯುತ್ತಾರೆ. ಮೇಲಿನವರು ಬರೆದುಕೊಟ್ಟ ಅಧಿಕಾರ ಎಂಬ ಭಾವ ಅದರಲ್ಲಿದೆ. ‘ಸೇನಾಧಿಕಾರಿಯ ಸನ್ನದು ಪಡೆದರು’ ಎಂದು ಬರೆದು ನೋಡಿದೆ, ಕಿವಿಗೆ ಒಗ್ಗಿತು. ಅಬಕಾರಿ ಸನ್ನದು, ಬಂದೂಕಿನ ಸನ್ನದು ಎಂಬ ಬಳಕೆಯಿಂದ ಅದೂ ಬರಿಯ ಪರವಾನಗಿಯಾಗಿ ಸವೆದಿದೆ ಎನ್ನುವುದೊಂದೇ ನನ್ನ ಹಿಂಜರಿಕೆ.

ಮನೆಯಲ್ಲಿ ಸೇನಾಧಿಕಾರಿಗಳಿರುವ ಕೊಡಗಿನವರು ಕನ್ನಡದಲ್ಲಿ ಮಾತಾಡುವಾಗ ಇದನ್ನು ಏನನ್ನುತ್ತೀರಿ? ‘ಕಮಿಷನ್ ಆದರು’ ಎಂದೋ, ಬೇರೆ ಮಾತಿದೆಯೋ? ಹಳೆಯ ಮೈಸೂರು ಕಚೇರಿ ಕಾಗದಗಳನ್ನು ಓದಿದವರಿಗೆ ದಂಡಿನ ಅಧಿಕಾರಿಯ ವಿಷಯದಲ್ಲಿ ಸನ್ನದು ಎಂಬ ಬಳಕೆ ಸಿಕ್ಕಿದ್ದರೆ ಆ ವಾಕ್ಯವನ್ನೇ ಇಲ್ಲಿ ಬರೆದು ತಿಳಿಸಿ.